ತೋಟದ ಕ್ರಯ ಬೇರೆ, ಫಸಲಿನ ಲೆಕ್ಕ ಬೇರೆ: ಮೈಕ್ರೋಸಾಫ್ಟ್, ಆಪಲ್, ಗೂಗಲ್, ಎನ್ವಿಡಿಯಾ ಒಬ್ಬರನ್ನೊಬ್ಬರು ಹಿಂದೆ ಹಾಕಿದ್ದು ಹೇಗೆ

2025ರ ಅಕ್ಟೋಬರ್ ಕೊನೆಗೆ ಕಂಪ್ಯೂಟರ್ ಚಿಪ್ ಮಾಡಿಸುವ ಎನ್ವಿಡಿಯಾ ಕಂಪನಿಯ ಮಾರ್ಕೆಟ್ ಬೆಲೆ 5 ಲಕ್ಷ ಕೋಟಿ ಡಾಲರ್ ದಾಟಿತು ಅಂತ ಸುದ್ದಿ ಬಂತಲ್ಲ, ಆ ದಿವಸ ನಾನು ಕಾಸರಗೋಡಿನ ಬದಿಯಡ್ಕದ ಹತ್ರ ದೊಡ್ಡಪ್ಪನ ಮನೆಯಲ್ಲಿದ್ದೆ. ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿ ಹರಗಿತ್ತು, ಮಳೆ ಯಾವಾಗ ಬರ್ತದೆ ಗೊತ್ತಿಲ್ಲ, ಟರ್ಪಾಲು ಮಡಚಿ ಜಗಲಿಯಲ್ಲೇ ಇಟ್ಟಿದ್ರು. ನಾನು ಸುದ್ದಿ ಓದಿ ಹೇಳಿದ ಕೂಡ್ಲೆ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಅಲ್ಲ ಮಾರಾಯ, ಅದು ವರ್ಷಕ್ಕೆ ಎಷ್ಟರ ವ್ಯಾಪಾರ ಮಾಡ್ತದೆ?"

ಸುಮಾರು 13,000 ಕೋಟಿ ಡಾಲರ್ ಅಂದೆ, 2025ರ ಜನವರಿಗೆ ಮುಗಿದ ವರ್ಷದ ಲೆಕ್ಕ ಅದು. ಅದೇ ವರ್ಷ ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ ಮಾಡಿದ ವ್ಯಾಪಾರ 68,000 ಕೋಟಿ ಡಾಲರಿಗೂ ಜಾಸ್ತಿ, ಅಂದ್ರೆ ಐದು ಪಾಲು. ಆದ್ರೆ ಆ ದಿವಸ ಶೇರು ಪೇಟೆಯಲ್ಲಿ ವಾಲ್‌ಮಾರ್ಟಿನ ಕ್ರಯ ಎನ್ವಿಡಿಯಾದ ಐದನೇ ಒಂದು ಪಾಲೂ ಇರ್ಲಿಲ್ಲ. ದೊಡ್ಡಪ್ಪನಿಗೆ ಇದು ತಲೆಗೆ ಹೋಗ್ಲಿಲ್ಲ. ಪೇಪರಲ್ಲಿ "ಅದು ಇದನ್ನು ಹಿಂದೆ ಹಾಕಿತು" ಅಂತ ಹೆಡ್ಡಿಂಗ್ ಬರ್ತದೆ, ಯಾಕೆ ಹಾಕಿತು ಅಂತ ಯಾರೂ ಸರಿಯಾಗಿ ಹೇಳುದಿಲ್ಲ, ಹಾಗಾಗಿ ಅವತ್ತು ಜಗಲಿಯಲ್ಲಿ ಕೂತು ಹೇಳಿದ್ದನ್ನೇ ಸ್ವಲ್ಪ ಉದ್ದಕ್ಕೆ ಬರೀತಿದ್ದೇನೆ.

ಮೊದಲು ಈ ಮಾರ್ಕೆಟ್ ಬೆಲೆ ಅಂದ್ರೆ ಎಂತ? ಒಂದು ಶೇರಿನ ಇವತ್ತಿನ ರೇಟು, ಅದನ್ನು ಕಂಪನಿಯ ಒಟ್ಟು ಶೇರುಗಳಿಂದ ಗುಣಿಸಿದ್ರೆ ಬರುವ ಸಂಖ್ಯೆ, ಅಷ್ಟೇ. ಅಷ್ಟು ದುಡ್ಡು ಯಾರೂ ಕೊಟ್ಟದ್ದಲ್ಲ, ಕಂಪನಿಯ ಪೆಟ್ಟಿಗೆಯಲ್ಲಿ ಇರುದೂ ಅಲ್ಲ. ಪಕ್ಕದ ಮನೆಯವರು ರೋಡಿನ ಬದಿ ಹತ್ತು ಸೆಂಟ್ಸ್ ಮಾರಿದ ಕ್ರಯದಲ್ಲಿ ನಮ್ಮ ಮೂರು ಎಕ್ರೆಗೆ ಎಷ್ಟಾಯ್ತು ಅಂತ ನಾವು ಮನಸ್ಸಲ್ಲೇ ಲೆಕ್ಕ ಹಾಕ್ತೇವಲ್ಲ, ಅದೇ ಇದು. ಮತ್ತೆ ತೋಟ ಕ್ರಯಕ್ಕೆ ತಗೊಳ್ಳುವವ ಈ ವರ್ಷ ಎಷ್ಟು ಕ್ವಿಂಟಾಲ್ ಆಯ್ತು ಅಂತ ಮಾತ್ರ ನೋಡುದಿಲ್ಲ. ಮರಕ್ಕೆ ಎಷ್ಟು ಪ್ರಾಯ, ಎಳೆ ಸಸಿ ಇಟ್ಟಿದ್ದಾರಾ, ಎಲ್ಲಕ್ಕಿಂತ ಮೊದಲು ನೀರು. ನಮ್ಮ ಬಾಯಾರು, ಪೆರ್ಲ ಕಡೆ ಗುಡ್ಡ ಕೊರೆದು ಸುರಂಗ ಮಾಡಿದ್ದಾರೆ, ಕರೆಂಟು ಬೇಡ ಪಂಪು ಬೇಡ, ಎಪ್ರಿಲ್ ತಿಂಗಳಲ್ಲೂ ಸಣ್ಣಗೆ ನೀರು ಬರ್ತಾ ಇರ್ತದೆ. ಅಂಥ ಸುರಂಗ ಇದ್ದ ತೋಟಕ್ಕೆ ಕ್ರಯವೇ ಬೇರೆ. ಕಂಪನಿಗಳ ವಿಷಯದಲ್ಲೂ ಪೇಟೆ ದುಡ್ಡು ಕೊಡುದು ಸುರಂಗಕ್ಕೆ, ಈ ವರ್ಷದ ಫಸಲಿಗೆ ಅಲ್ಲ ಅಂತ ನನ್ನ ಅಭಿಪ್ರಾಯ, ಕಳೆದ 40 ವರ್ಷದ ಕಥೆ ನೋಡಿದ್ರೆ ಅದು ಸ್ಪಷ್ಟ ಕಾಣ್ತದೆ.

1981ರಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ ತನ್ನ ಪಿಸಿ ತಂತು. ಅದಕ್ಕೆ ಆಪರೇಟಿಂಗ್ ಸಿಸ್ಟಮ್, ಅಂದ್ರೆ ಮೆಷಿನನ್ನು ನಡೆಸುವ ಮೂಲ ಸಾಫ್ಟ್‌ವೇರ್, ಕೊಟ್ಟದ್ದು ಮೈಕ್ರೋಸಾಫ್ಟ್, ಅದನ್ನೂ ಅವರು ಸಿಯಾಟಲ್‌ನ ಒಂದು ಸಣ್ಣ ಕಂಪನಿಯಿಂದ ತಗೊಂಡು ತಿದ್ದಿ ಕೊಟ್ಟದ್ದು. ಆದ್ರೆ ಬಿಲ್ ಗೇಟ್ಸ್ ಬುದ್ಧಿವಂತಿಕೆ ಇದ್ದದ್ದು ಅಗ್ರಿಮೆಂಟಿನಲ್ಲಿ. ಬೇರೆಯವರಿಗೂ ಮಾರುವ ಹಕ್ಕು ತನ್ನ ಹತ್ರವೇ ಇಟ್ಟುಕೊಂಡ್ರು. ಮುಂದೆ ಕಾಂಪ್ಯಾಕ್ ಮೊದಲಾದವರು ಐಬಿಎಂ ತರಹದ್ದೇ ಮೆಷಿನ್ ಮಾಡ್ಲಿಕ್ಕೆ ಶುರು ಮಾಡಿದಾಗ ಯಾರ ಮೆಷಿನ್ ಹೋದ್ರೂ ಮೈಕ್ರೋಸಾಫ್ಟಿಗೆ ಒಂದು ಪಾಲು. ಆಪಲ್ ಮಾಡಿದ್ದು ಇದರ ಉಲ್ಟಾ, ಮೆಷಿನ್ ನಮ್ಮದೇ, ಸಾಫ್ಟ್‌ವೇರ್ ನಮ್ಮದೇ, ಬೇಕಾದ್ರೆ ಎರಡೂ ಒಟ್ಟಿಗೆ ತಗೊಳ್ಳಿ. 1984ರ ಮ್ಯಾಕಿಂಟೋಶ್ ಒಳ್ಳೆ ವಸ್ತು, ಆದ್ರೆ ಕ್ರಯ ಜಾಸ್ತಿ, ಜನ ಹೋದದ್ದು ವಿಂಡೋಸ್ ಕಡೆಗೆ.

1997ಕ್ಕಾಗುವಾಗ ಆಪಲ್‌ಗೆ ಒಂದೇ ವರ್ಷದಲ್ಲಿ 100 ಕೋಟಿ ಡಾಲರಿಗಿಂತ ಹೆಚ್ಚು ನಷ್ಟ. ಆ ಆಗಸ್ಟಿನಲ್ಲಿ ಬೋಸ್ಟನ್‌ನ ಸಭೆಯಲ್ಲಿ ಸ್ಟೀವ್ ಜಾಬ್ಸ್ ಸ್ಟೇಜಿನಲ್ಲಿ, ಹಿಂದೆ ದೊಡ್ಡ ಪರದೆಯಲ್ಲಿ ಬಿಲ್ ಗೇಟ್ಸ್ ಮುಖ, ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹಾಕ್ತದೆ ಅಂತ ಘೋಷಣೆ, ಕೆಳಗೆ ಕೂತವರಲ್ಲಿ ಕೆಲವರು ಕೂಗಿ ವಿರೋಧ ಮಾಡಿದ್ರು. ಎರಡು ವರ್ಷ ಕಳೆದು 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿನ ಕ್ರಯ 60,000 ಕೋಟಿ ಡಾಲರ್ ದಾಟಿತು.

ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸುದು ಅದರ ನಂತರದ ಹದಿನೈದು ವರ್ಷ. 2000ನೇ ಇಸವಿಯಲ್ಲಿ ಮೈಕ್ರೋಸಾಫ್ಟಿನ ವರ್ಷದ ಲಾಭ ಸುಮಾರು 940 ಕೋಟಿ ಡಾಲರ್, 2010ರಲ್ಲಿ 1,876 ಕೋಟಿ. ಲಾಭ ಸರಿಯಾಗಿ ಎರಡು ಪಟ್ಟು ಆಗಿದೆ, ಆದ್ರೆ ಶೇರು ಮಾತ್ರ 1999ರ ರೇಟಿಗೆ ವಾಪಸ್ ಬರ್ಲಿಕ್ಕೆ 2016ರ ವರೆಗೆ ಕಾಯ್ಬೇಕಾಯ್ತು. ಫಸಲು ಎರಡು ಪಟ್ಟು ಬಂದ್ರೂ ತೋಟದ ಕ್ರಯ ಏರ್ಲಿಲ್ಲ! 1999ರಲ್ಲಿ ಇಡೀ ಪೇಟೆಗೆ ಇಂಟರ್‌ನೆಟ್ ಹುಚ್ಚು ಹಿಡಿದು ರೇಟು ಮಿತಿ ಮೀರಿ ಏರಿತ್ತು ಅನ್ನುದು ಒಂದು ಕಾರಣ, ಅಮೆರಿಕ ಸರ್ಕಾರದ ಏಕಸ್ವಾಮ್ಯದ ಕೇಸು ಇನ್ನೊಂದು. ಮೂರನೆಯದ್ದು ನಾನು ನನ್ನ ಅಂಗಡಿಯಲ್ಲೇ ಕಂಡದ್ದು.

2006ರಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಹಾಕುವಾಗ ತಗೊಂಡ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಅದರಲ್ಲೇ ನುಡಿ ಹಾಕಿ ಮದುವೆ ಕಾಗದ, ಭೂತಕೋಲದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ ಎಲ್ಲ ಮಾಡಿದೆ. 2014ರ ಎಪ್ರಿಲಿನಲ್ಲಿ ಎಕ್ಸ್‌ಪಿಗೆ ಸಪೋರ್ಟ್ ನಿಂತಿತು, ಆದ್ರೂ ಇನ್ನೆರಡು ವರ್ಷ ಅದೇ ಮೆಷಿನ್, ಎಫ್ ಮತ್ತೆ ಜೆ ಕೀಗಳ ಅಕ್ಷರ ಪೂರ್ತಿ ಅಳಿಸಿ ಹೋಗಿತ್ತು, ಕೆಲಸ ಮಾತ್ರ ನಡೀತಾ ಇತ್ತು. ಅಂದ್ರೆ ಒಮ್ಮೆ ಕೊಟ್ಟ ದುಡ್ಡಿನ ಮೇಲೆ ಹತ್ತು ವರ್ಷ ನಾನು ಮೈಕ್ರೋಸಾಫ್ಟಿಗೆ ಒಂದು ಪೈಸೆ ಕೊಡ್ಲಿಲ್ಲ, ಕೊಡುವ ಅಗತ್ಯವೂ ಬರ್ಲಿಲ್ಲ. ಒಮ್ಮೆ ಮಾರಿ ಮುಗಿಯುವ ವ್ಯಾಪಾರದ ತೊಂದರೆ ಇದೇ, ಹೊಸ ಮೆಷಿನ್ ಹೋಗುದು ನಿಧಾನ ಆದ್ರೆ ದುಡ್ಡು ಬರುದೂ ನಿಧಾನ.

ಇಲ್ಲಿ ನಮ್ಮ ಕೇರಳದ ಒಂದು ವಿಷಯ ಹೇಳ್ಲೇಬೇಕು. ಇಲ್ಲಿಯ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಮಕ್ಕಳು ಕಲಿಯುದು ಲಿನಕ್ಸ್, ವಿಂಡೋಸಿನ ಬದಲಿಗೆ ಬಳಸುವ, ಲೈಸೆನ್ಸ್ ದುಡ್ಡು ಕೊಡ್ಬೇಕಿಲ್ಲದ ಆಪರೇಟಿಂಗ್ ಸಿಸ್ಟಮ್, ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಗಳಲ್ಲೂ ಅದೇ. ಹೀಗೆ ಸ್ವತಂತ್ರ ಸಾಫ್ಟ್‌ವೇರ್ ಹಾಕಿದ್ದರಿಂದ ಎರಡು ಲಕ್ಷ ಕಂಪ್ಯೂಟರುಗಳಲ್ಲಿ 3,000 ಕೋಟಿ ರೂಪಾಯಿ ಉಳೀತದೆ ಅಂತ ಸರ್ಕಾರದ ಕೈಟ್ ಸಂಸ್ಥೆ 2019ರಲ್ಲಿ ಹೇಳಿತ್ತು. ಲೈಸೆನ್ಸ್ ಮಾರುವ ಕಂಪನಿಯ ಕಣ್ಣಲ್ಲಿ ನೋಡಿದ್ರೆ ಅಷ್ಟೂ ಬಾರದೆ ಹೋದ ದುಡ್ಡು. ದುಡ್ಡಿಗಿಂತ ದೊಡ್ಡದು ಅಂದ್ರೆ ವಿಂಡೋಸ್ ಇಲ್ಲದೆಯೂ ಕೆಲಸ ಆಗ್ತದೆ ಅಂತ ಒಂದು ಇಡೀ ತಲೆಮಾರಿಗೆ ಗೊತ್ತಾದದ್ದು. ನನ್ನ ಅಂಗಡಿಗೆ ಬರುವ ಹತ್ತನೇ ಕ್ಲಾಸಿನ ಮಕ್ಕಳು ನನಗಿಂತ ಚೆಂದ ಲಿನಕ್ಸ್ ಹಿಡೀತಾರೆ, ನನಗೆ ಅದರ ಬಗ್ಗೆ ತುಂಬಾ ಹೆಮ್ಮೆ ಉಂಟು.

ಇರ್ಲಿ, ಆಪಲ್ ಕಡೆಗೆ ಬರುವ. 2007ರಲ್ಲಿ ಐಫೋನ್ ಬಂತು. ಇಷ್ಟು ಕ್ರಯದ, ಕೀಬೋರ್ಡೇ ಇಲ್ಲದ ಫೋನನ್ನು ಯಾರು ತಗೊಳ್ತಾರೆ ಅಂತ ಮೈಕ್ರೋಸಾಫ್ಟಿನ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಟಿವಿಯಲ್ಲೇ ನಕ್ಕಿದ್ರು. ನಮ್ಮ ಊರಿನಲ್ಲಿ ಮೊದಲ ಐಫೋನ್ ನೋಡಿದ್ದು ದುಬೈಯಿಂದ ರಜೆಗೆ ಬಂದ ಭಾವನ ಕೈಯಲ್ಲಿ, ಮದುವೆ ಚಪ್ಪರದಲ್ಲಿ ಅದನ್ನು ನೋಡ್ಲಿಕ್ಕೆ ಹತ್ತು ಜನ ಸುತ್ತ ನಿಂತಿದ್ರು. 2008ರಲ್ಲಿ ಆ್ಯಪ್ ಸ್ಟೋರ್ ಶುರು ಆಯ್ತು, ಆಗ ಅಲ್ಲಿ ಯಾರೇ ಆ್ಯಪ್ ಮಾರಿದ್ರೂ ಆಪಲ್‌ಗೆ 100ರಲ್ಲಿ 30. ಈಗ ಕಥೆ ತಿರುಗಿ ನಿಂತಿತು ನೋಡಿ. ಪಿಸಿ ಕಾಲದಲ್ಲಿ ಯಾರು ಮಾರಿದ್ರೂ ಪಾಲು ಬರ್ತಿದ್ದದ್ದು ಮೈಕ್ರೋಸಾಫ್ಟಿಗೆ, ಈಗ ಆ ಜಾಗದಲ್ಲಿ ಆಪಲ್, ಅದೂ ಮೆಷಿನ್ನಿನ ಲಾಭ ತನ್ನ ಹತ್ರವೇ ಇಟ್ಟುಕೊಂಡು.

2010ರ ಮೇ 26ಕ್ಕೆ ಮಾರ್ಕೆಟ್ ಬೆಲೆಯಲ್ಲಿ ಆಪಲ್ 22,200 ಕೋಟಿ ಡಾಲರ್, ಮೈಕ್ರೋಸಾಫ್ಟ್ 21,900 ಕೋಟಿ. ಹದಿಮೂರು ವರ್ಷದ ಹಿಂದೆ ಯಾರಿಂದ ಸಹಾಯ ತಗೊಂಡಿತ್ತೋ ಅವರನ್ನೇ ಹಿಂದೆ ಹಾಕಿತು. ಆ ವರ್ಷದ ಲಾಭದಲ್ಲಿ ಮಾತ್ರ ಮೈಕ್ರೋಸಾಫ್ಟೇ ಮುಂದೆ, ಅದರ 1,876 ಕೋಟಿಯ ಎದುರು ಆಪಲ್‌ನದ್ದು 1,401 ಕೋಟಿ. ಪೇಟೆ ಕ್ರಯ ಕಟ್ಟಿದ್ದು ಎಳೆ ಸಸಿಗೆ. 2018ರ ಆಗಸ್ಟಿನಲ್ಲಿ ಆಪಲ್ ಒಂದು ಲಕ್ಷ ಕೋಟಿ ಡಾಲರ್ ಮುಟ್ಟಿದ ಅಮೆರಿಕದ ಮೊದಲ ಕಂಪನಿ ಆಯ್ತು. ಈಗಲೂ ಅದರ ವ್ಯಾಪಾರದ ಅರ್ಧ ಐಫೋನೇ, 2024ರಲ್ಲಿ ಒಟ್ಟು 39,100 ಕೋಟಿಯಲ್ಲಿ 20,100 ಕೋಟಿ. ಆದ್ರೆ ಸರ್ವಿಸ್ ಅಂತ ಬರುವ 9,600 ಕೋಟಿ ನೋಡಿ, ಆ್ಯಪ್ ಸ್ಟೋರಿನ ಕಮಿಷನ್, ಐಕ್ಲೌಡ್ ಬಾಡಿಗೆ ಇಂಥದ್ದು. ವಸ್ತು ಮಾರಿದ ನೂರು ಡಾಲರಿನಲ್ಲಿ ಅದರ ನೇರ ಖರ್ಚು ಕಳೆದು 37 ಉಳಿದ್ರೆ ಸರ್ವಿಸಿನ ನೂರರಲ್ಲಿ 74 ಉಳೀತದೆ. ಆಪಲ್‌ನ ಸುರಂಗ ಇದು.

ಗೂಗಲ್‌ನದ್ದು ಹರಕೆ ಬಯಲಾಟದ ಕ್ರಮ. ಟೆಂಟಿನ ಆಟಕ್ಕಾದ್ರೆ ಟಿಕೆಟ್, ಹರಕೆ ಆಟಕ್ಕೆ ನೋಡುವವರು ಒಂದು ರೂಪಾಯಿ ಕೊಡ್ಬೇಕಂತ ಇಲ್ಲ, ಖರ್ಚು ಹರಕೆ ಹೊತ್ತವರದ್ದು. ಗೂಗಲ್‌ನಲ್ಲಿ ಹುಡುಕುವವನಿಗೆ ಫ್ರೀ, ಯೂಟ್ಯೂಬ್ ನೋಡುವವನಿಗೂ ಫ್ರೀ, ದುಡ್ಡು ಕೊಡುದು ಜಾಹೀರಾತಿನವರು. ವ್ಯತ್ಯಾಸ ಎಂತ ಅಂದ್ರೆ ಬಯಲಾಟದಲ್ಲಿ ನೀವು ಯಾವಾಗ ಎದ್ದು ಹೋದಿರಿ, ಎಂತ ತಿಂದಿರಿ ಅಂತ ಯಾರೂ ಬರೆದಿಡುದಿಲ್ಲ. 2000ದಲ್ಲಿ ಶುರುವಾದ ಆ ಜಾಹೀರಾತು ವ್ಯಾಪಾರವೇ 2024ರಲ್ಲೂ ಅದರ 35,000 ಕೋಟಿ ಡಾಲರ್ ಆದಾಯದಲ್ಲಿ 26,000 ಕೋಟಿಗಿಂತ ಜಾಸ್ತಿ. 2005ರಲ್ಲಿ ತಗೊಂಡ ಆಂಡ್ರಾಯ್ಡನ್ನು ಫೋನ್ ಮಾಡುವವರಿಗೆ ಲೈಸೆನ್ಸ್ ದುಡ್ಡಿಲ್ಲದೆ ಕೊಟ್ಟದ್ದೂ ಅದಕ್ಕೇ, ಫೋನ್ ಯಾರದ್ದಾದ್ರೂ ಆಗ್ಲಿ ಹುಡುಕುದು ನಮ್ಮಲ್ಲೇ ಆಗ್ಬೇಕು ಅಂತ. ಐಫೋನಿನಲ್ಲೂ ಮೊದಲು ಗೂಗಲ್ಲೇ ಬರ್ಬೇಕು ಅಂತ 2022ರಲ್ಲಿ ಆಪಲ್‌ಗೆ ಕೊಟ್ಟದ್ದು 2,000 ಕೋಟಿ ಡಾಲರ್, ಅಮೆರಿಕದ ಕೋರ್ಟಿನ ಕಾಗದಪತ್ರದಲ್ಲಿ ಹೊರಗೆ ಬಂದ ಲೆಕ್ಕ ಇದು. ಪೇಟೆಯಲ್ಲಿ ಇವರನ್ನು ವೈರಿಗಳು ಅಂತೇವೆ, ಅಷ್ಟು ದುಡ್ಡು ವರ್ಷಕ್ಕೆ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಆ ಶಬ್ದ ಸರಿಯಾಗುದಿಲ್ಲ ಅಂತ ನನಗೆ ಕಾಣ್ತದೆ.

ಮೈಕ್ರೋಸಾಫ್ಟ್ ಫೋನಿನಲ್ಲಿ ಸೋತಿತು. ನೋಕಿಯಾದ ಫೋನ್ ವ್ಯಾಪಾರ ತಗೊಂಡು 2015ರಲ್ಲಿ 760 ಕೋಟಿ ಡಾಲರ್ ನಷ್ಟ ಅಂತ ಬರೆದು ಕೈ ತೊಳೀತು. ಅದಕ್ಕೆ ಒಂದು ವರ್ಷ ಮೊದಲು, 2014ರ ಫೆಬ್ರವರಿಯಲ್ಲಿ ಸತ್ಯ ನಾದೆಲ್ಲ ಮುಖ್ಯಸ್ಥರಾದ್ರು. ಹೈದರಾಬಾದಿನವರು, ಕಲಿತದ್ದು ನಮ್ಮ ಮಣಿಪಾಲದಲ್ಲಿ, 1988ರ ಎಲೆಕ್ಟ್ರಿಕಲ್ ಬ್ಯಾಚ್. ವರ್ಡ್, ಎಕ್ಸೆಲ್ ಇರುವ ಆಫೀಸ್ ಸಾಫ್ಟ್‌ವೇರನ್ನು ಬಾಡಿಗೆಗೆ ಕೊಡುದು ಬಾಲ್ಮರ್ ಕಾಲದಲ್ಲೇ, 2011ರಲ್ಲಿ ಶುರು ಆಗಿತ್ತು, ಸರ್ವರ್ ಬಾಡಿಗೆಗೆ ಕೊಡುವ ಅಝೂರ್ ಅದಕ್ಕೂ ಮೊದಲು. ನಾದೆಲ್ಲ ಮಾಡಿದ್ದು ಇಡೀ ಕಂಪನಿಯನ್ನು ಆ ಕಡೆಗೆ ತಿರುಗಿಸಿದ್ದು. ನನ್ನ ಹಾಗೆ ಒಮ್ಮೆ ತಗೊಂಡು ಹತ್ತು ವರ್ಷ ಕೂರುವವರು ಇನ್ನು ತಿಂಗಳು ತಿಂಗಳು ಕೊಡ್ಬೇಕು, ದೊಡ್ಡ ಕಂಪನಿಗಳು ಸ್ವಂತ ಸರ್ವರ್ ಇಡುವ ಬದಲು ಮೈಕ್ರೋಸಾಫ್ಟಿನ ಸರ್ವರಲ್ಲಿ ಎಷ್ಟು ಬಳಸಿದ್ರೋ ಅಷ್ಟಕ್ಕೆ ಬಿಲ್ ಕಟ್ಬೇಕು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಪುನಃ ಆಪಲ್‌ನ ಮುಂದೆ ಬಂದಾಗ ಎಲ್ಲರೂ ಎಐ, ಮೈಕ್ರೋಸಾಫ್ಟ್ ದುಡ್ಡು ಹಾಕಿದ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಅಂತ ಹೇಳಿದ್ರು. ಅದು ಇಲ್ಲ ಅಂತ ಅಲ್ಲ, ಆದ್ರೆ ಈ ಹತ್ತು ವರ್ಷದ ಬಾಡಿಗೆಯ ನೀರು ಇಲ್ಲದಿದ್ರೆ ಆ ದಿವಸ ಬರ್ತಾ ಇರ್ಲಿಲ್ಲ. ಬಳಸುವವನಾಗಿ ನನಗೆ ಬೇಸರ ಉಂಟು, ಸಣ್ಣ ಡಿಟಿಪಿ ಅಂಗಡಿಗೆ ಪ್ರತಿ ತಿಂಗಳ ಬಾಡಿಗೆ ಹಗುರ ಅಲ್ಲ, ಮಳೆಗಾಲದಲ್ಲಿ ಮದುವೆ ಕಾಗದವೇ ಇರುದಿಲ್ಲ, ಬಿಲ್ಲು ಮಾತ್ರ ಆಟಿಯಲ್ಲೂ ಬರ್ತದೆ.

ಇನ್ನು ಎನ್ವಿಡಿಯಾ. 1993ರಲ್ಲಿ ಹುಟ್ಟಿದ್ದು, ಗೇಮ್ ಆಡುವವರ ಗ್ರಾಫಿಕ್ಸ್ ಚಿಪ್ ಮಾಡ್ತಿತ್ತು, ಫ್ಯಾಕ್ಟರಿ ತನ್ನದಲ್ಲ, ಮುಖ್ಯವಾದ ಚಿಪ್ಪೆಲ್ಲ ತೈವಾನಿನ ಟಿಎಸ್‌ಎಂಸಿಯಲ್ಲಿ ಮಾಡಿಸುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಐ ನಡೆಸ್ಲಿಕ್ಕೆ ಎಲ್ಲರಿಗೂ ಅದೇ ಚಿಪ್ ಬೇಕು. ದೊಡ್ಡಪ್ಪನಿಗೆ ನಾನು ಹೇಳಿದ್ದು ಹೀಗೆ, ಮಳೆಗಾಲದಲ್ಲಿ ಕೊಳೆರೋಗ ಬಂದ್ರೆ ಯಾರ ತೋಟ ಉಳೀತದೆ ಯಾರದ್ದು ಹೋಗ್ತದೆ ಗೊತ್ತಿಲ್ಲ, ಅದರ ಮದ್ದಿಗೆ ಬೇಕಾದ ಮೈಲುತುತ್ತು ಮಾರುವ ಅಂಗಡಿಯಲ್ಲಿ ಮಾತ್ರ ಎಲ್ಲರೂ ಕ್ಯೂ ನಿಲ್ತಾರೆ. ಎನ್ವಿಡಿಯಾದ ಆ ವರ್ಷದ 13,000 ಕೋಟಿ ವ್ಯಾಪಾರದಲ್ಲಿ 11,500 ಕೋಟಿ ಡಾಟಾ ಸೆಂಟರ್‌ಗಳಿಂದಲೇ ಬಂದದ್ದು, ಲಾಭ 7,290 ಕೋಟಿ, ಅಂದ್ರೆ ನೂರಕ್ಕೆ 55ಕ್ಕಿಂತ ಜಾಸ್ತಿ. ವಾಲ್‌ಮಾರ್ಟಿಗೆ ನೂರಕ್ಕೆ ಮೂರು ಉಳಿಯುದೂ ಕಷ್ಟ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳಿದ್ರು, "ಹಾಗಾದ್ರೆ ಅದಕ್ಕೆ ಸುರಂಗ ಎಲ್ಲಿ ಉಂಟು? ಮೈಲುತುತ್ತು ಎಲ್ಲರೂ ಮಾರ್ತಾರಲ್ಲ."

ಸರಿಯಾದ ಪ್ರಶ್ನೆ. ಸುರಂಗ ಅಂತ ಇದ್ರೆ ಅದು ಕುಡಾ. 2006ರಲ್ಲಿ ಎನ್ವಿಡಿಯಾ ತಂದ ಸಾಫ್ಟ್‌ವೇರ್ ಅದು, ಅದರ ಚಿಪ್ಪನ್ನು ಬೇರೆ ಲೆಕ್ಕಾಚಾರಕ್ಕೂ ಬಳಸ್ಲಿಕ್ಕೆ. ಹದಿನೆಂಟು ಹತ್ತೊಂಬತ್ತು ವರ್ಷದಿಂದ ಜಗತ್ತಿನ ಸಂಶೋಧಕರೆಲ್ಲ ಅದರಲ್ಲೇ ಪ್ರೋಗ್ರಾಮ್ ಬರೆದು ಬರೆದು ಕೈ ಕೂತಿದೆ, ಚಿಪ್ ಬದಲಾಯಿಸಿದ್ರೆ ಆ ಕೆಲಸವನ್ನೂ ಬದಲಾಯಿಸ್ಬೇಕು. ಆದ್ರೆ ಅದು ತಿಂಗಳ ಬಾಡಿಗೆ ತರುವ ಸುರಂಗ ಅಲ್ಲ, ಚಿಪ್ ಹೋದ್ರೆ ಮಾತ್ರ ದುಡ್ಡು, ಎಕ್ಸ್‌ಪಿ ಕಾಲದ ಮೈಕ್ರೋಸಾಫ್ಟಿನ ಹಾಗೆ. ಮತ್ತೆ ಗಿರಾಕಿಗಳಲ್ಲಿ ದೊಡ್ಡವರು ಯಾರು, ಮೈಕ್ರೋಸಾಫ್ಟ್, ಗೂಗಲ್, ಅಮೆಝಾನ್, ಮೆಟಾ, ಒಬ್ಬೊಬ್ಬರೂ ತಮ್ಮ ಹಿತ್ತಲಲ್ಲೇ ಸ್ವಂತ ಚಿಪ್ ಮಾಡ್ತಿದ್ದಾರೆ. ಗೂಗಲ್ ಅಂತೂ 2015ರಿಂದಲೇ ಟಿಪಿಯು ಅನ್ನುವ ತನ್ನ ಚಿಪ್ ಬಳಸ್ತಾ ಉಂಟು, ಅದರ ಎಐ ಆದ ಜೆಮಿನಿಗೆ ತರಬೇತಿ ಕೊಟ್ಟದ್ದೂ ಅದರಲ್ಲೇ.