ಕೊಟ್ಟಿಗೆಹಾರದ ಕಪ್ಪೆ ಕಾಲೆತ್ತೋದು ಯಾಕೆ?

ಚಾರ್ಮಾಡಿ ಘಾಟಿ ಹತ್ತಿ ಬಂದವರಿಗೆ ಕೊಟ್ಟಿಗೆಹಾರ ಅಂದ್ರೆ ಬಿಸಿ ನೀರುದೋಸೆ. ಕಪ್ಪೆಗಳ ಬೆನ್ನು ಹತ್ತಿದವರಿಗೆ ಮಾತ್ರ ಮೂಡಿಗೆರೆ ತಾಲ್ಲೂಕಿನ ಈ ಪುಟ್ಟ ಸರ್ಕಲ್ಲಿನ ಲೆಕ್ಕವೇ ಬೇರೆ. ಒಂದು ಕಪ್ಪೆಗೆ ಈ ಊರಿನ ಹೆಸರೇ ಇದೆ: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್.

1937ರಲ್ಲಿ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಸಿ.ಆರ್. ನಾರಾಯಣ ರಾವ್. ಆಗ ಇದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. ಅದೇ ವರ್ಷ ಇದೇ ಊರಿನ ಒಂದು ಪೊದೆಗಪ್ಪೆಯನ್ನೂ ಅವರು ವಿವರಿಸಿದರು. ಅದಕ್ಕೆ ಗೊದಮೊಟ್ಟೆಯ ಗೊಡವೆಯೇ ಇಲ್ಲ. ಮೊಟ್ಟೆ ಒಡೆದರೆ ನೇರ ಪುಟಾಣಿ ಕಪ್ಪೆ!

ಆದರೆ ರಾವ್ ಕಾದಿಟ್ಟಿದ್ದ ಮಾದರಿಗಳು ಕಳೆದುಹೋದವು. ಮುಂದೆ ಬಂದವರಿಗೆ ಯಾವ ಕಪ್ಪೆ ಯಾವುದು ಅಂತ ಹೋಲಿಸಿ ನೋಡಲು ಕೈಯಲ್ಲಿ ಏನೂ ಇರಲಿಲ್ಲ. 2010ರಲ್ಲಿ ಆ ಪೊದೆಗಪ್ಪೆಗಳ ಕುಲಕ್ಕೆ 'ರಾವೋರ್ಕೆಸ್ಟಿಸ್' ಎಂದು ರಾವ್ ಹೆಸರೇ ಬಂತು. 2014ರಲ್ಲಿ ಕಪ್ಪೆ ವಿಜ್ಞಾನಿ ಎಸ್.ಡಿ. ಬಿಜು ತಂಡ ಕೊಟ್ಟಿಗೆಹಾರದ ಕಪ್ಪೆಯ ಬಳಗಕ್ಕೆ ಒಂದೇ ಸಲ 14 ಹೊಸ ಜಾತಿ ಸೇರಿಸಿತು.

ಈ ಬಳಗವನ್ನು ಕುಣಿಯುವ ಕಪ್ಪೆ ಅಂತಾರೆ. ಸುಮ್ನೆ ಅಲ್ಲ. ಜಡಿಮಳೆ ಇಳಿದು ಹಳ್ಳ ತಗ್ಗಿದ ಮೇಲೆ, ಹಗಲಲ್ಲೇ, ಹೆಬ್ಬೆರಳಿನಷ್ಟು ಗಂಡು ಒದ್ದೆ ಬಂಡೆ ಮೇಲೆ ಕೂರುತ್ತದೆ. ಕೂಗುತ್ತದೆ. ನೀರಿನ ಭೋರ್ಗರೆತದಲ್ಲಿ ಆ ಕೂಗು ಯಾರಿಗೆ ಕೇಳಬೇಕು? ಆಗ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳ ನಡುವಿನ ಬೆಳ್ಳನೆ ಪೊರೆ ಬಿಡಿಸಿ ತೋರಿಸಿ, ಹಿಂದಕ್ಕೆಳೆದುಕೊಳ್ಳುತ್ತದೆ. ಇದು ಹೆಣ್ಣಿಗೆ ಕರೆ, ಬೇರೆ ಗಂಡುಗಳಿಗೆ ಎಚ್ಚರಿಕೆ. ಅಷ್ಟಾದರೂ ಹತ್ತಿರ ಬಂದವನಿಗೆ ಒದೆ ಗ್ಯಾರಂಟಿ.

ನನಗೆ ಇದಕ್ಕಿಂತ ಜಾಸ್ತಿ ಬೆರಗು ಹುಟ್ಟಿಸಿದ್ದು ಹೆಣ್ಣು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಇದೇ ಬಳಗದ ಹೆಣ್ಣು ಹರಿಯುವ ನೀರಿನಡಿ ಹಿಂಗಾಲಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಜಲ್ಲಿ ಮುಚ್ಚುವುದನ್ನು ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ 2010ರಲ್ಲಿ ದಾಖಲಿಸಿದರು. ಕೇರಳದ ಇನ್ನೊಂದು ಜಾತಿಯ ಗೊದಮೊಟ್ಟೆಗಳಂತೂ ಜಲ್ಲಿಯೊಳಗೇ ಬೆಳೆಯುತ್ತವೆ; ಅವುಗಳ ಕರುಳಲ್ಲಿ ಮರಳೇ ಸಿಕ್ಕಿತು.

ಹಾಗಾಗಿ ಈ ಕಪ್ಪೆಗೆ ಕೆರೆ ಆಗದು, ಗದ್ದೆಯೂ ಆಗದು. ನೆರಳಿನ, ತಣ್ಣಗೆ ಹರಿಯುವ, ತಳದಲ್ಲಿ ಸಡಿಲ ಜಲ್ಲಿಯಿರುವ ಹಳ್ಳವೇ ಬೇಕು. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ನಾವು ಮೋಟಾರ್ ಇಳಿಸುವುದೂ ಅಂಥದೇ ಹಳ್ಳಕ್ಕೆ.