ಸ್ಯಾನ್ ಆಂಡ್ರಿಯಾಸ್: ಎಷ್ಟು ಮೀಟರ್ ಬಾಕಿ?

ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ (ಎರಡೂ ಬದಿಯ ನೆಲ ಒಂದಕ್ಕೊಂದು ಪಕ್ಕಕ್ಕೆ ಜಾರುವ ಉದ್ದನೆಯ ಬಿರುಕು) ಮಾತು ಬಂದರೆ ಸಾಕು, ನಮ್ಮಂಥ ಭೂವಿಜ್ಞಾನಿಗಳಿಗೆ ಎದುರಾಗುವ ಮೊದಲ ಪ್ರಶ್ನೆ, ಮುಂದಿನ ದೊಡ್ಡ ಭೂಕಂಪ ಯಾವಾಗ? ಅದಕ್ಕೆ ಉತ್ತರ ಇಲ್ಲ. ನೆಲ ಎಷ್ಟು ಜಾರಬಹುದು ಅನ್ನುವುದಕ್ಕೆ ಮಾತ್ರ ಒಂದು ಲೆಕ್ಕ ಇದೆ.

ಕ್ಯಾರಿಝೋ ಬಯಲಿನಲ್ಲಿ ವ್ಯಾಲೇಸ್ ಕ್ರೀಕ್ ಎಂಬ ತೊರೆ ಇದೆ. ಬೆಟ್ಟದಿಂದ ಇಳಿದು ಬಂದು, ಫಾಲ್ಟ್ ಸಿಕ್ಕಿದ ಕಡೆ ಬಲಕ್ಕೆ ತಿರುಗಿ, ಸುಮಾರು 130 ಮೀಟರ್ ಅದರ ಗುಂಟವೇ ಸಾಗಿ, ಮತ್ತೆ ಮೊದಲಿನ ದಿಕ್ಕು ಹಿಡಿಯುತ್ತದೆ. ಸರಿದದ್ದು ನೀರಲ್ಲ, ನೆಲ. ಅಷ್ಟು ಸರಿಯಲು ಸುಮಾರು 3,700 ವರ್ಷ ಬೇಕಾಯಿತು. ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 34 ಮಿಲಿಮೀಟರ್.

ಹಾಗಂತ ಇಲ್ಲಿ ದಿನಾ ಚೂರುಚೂರೇ ಜಾರುವುದಿಲ್ಲ. ಎರಡೂ ಬದಿಯ ಬಂಡೆ ಕಚ್ಚಿಕೊಂಡು ನಿಂತಿರುತ್ತದೆ, ದೂರದ ನೆಲ ಸರಿಯುತ್ತಲೇ ಇರುತ್ತದೆ, ನಡುವಿನದು ಬಾಗುತ್ತಾ ಬಿಗಿಯಾಗುತ್ತದೆ. 1857ರ ಜನವರಿಯಲ್ಲಿ ಆ ಹಿಡಿತ ಒಮ್ಮೆ ಬಿಟ್ಟಿತು. ಅದರ ತೀವ್ರತೆ ಸುಮಾರು 7.9. ಆಮೇಲೆ 165 ವರ್ಷಕ್ಕೂ ಜಾಸ್ತಿ ಕಳೆದಿದೆ, ಅದೇ ವೇಗ ಹಿಡಿದರೆ ಇಲ್ಲಿ ಇನ್ನೂ ಜಾರದೆ ಉಳಿದಿರುವುದು ಐದೂವರೆ ಮೀಟರಿನಷ್ಟು. ಅದೇ ಬಾಕಿ.

1857ರಲ್ಲಿ ಜಾರಿದ್ದೆಷ್ಟು? ಇಲ್ಲಿನ ತೊರೆಗಳ ಸೊಟ್ಟ ಅಳೆದು, 9 ಮೀಟರಿಗೂ ಹೆಚ್ಚು ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ನೆಲದ ಏರಿಳಿತವನ್ನು ಲೇಸರ್ ಬೆಳಕಿನಿಂದ ಅಳೆಯುವ ಲೈಡಾರ್‌ನಲ್ಲಿ ಇಡೀ ಬಯಲನ್ನು ಸೂಕ್ಷ್ಮವಾಗಿ ನೋಡಿದಾಗ ಸುಮಾರು 5 ಮೀಟರ್ ಅಂತ ಕಂಡಿತು. ಉಳಿದದ್ದು ಅದಕ್ಕೂ ಹಿಂದಿನ ಭೂಕಂಪದ್ದು. ನನಗೆ ಇದು ತುಂಬಾ ದೊಡ್ಡ ವಿಷಯ. ಒಮ್ಮೆಗೆ ಜಾರುವುದು 5 ಮೀಟರ್ ಅಂದರೆ, ಈಗಿನ ಬಾಕಿ ಆಗಲೇ ಅಷ್ಟಾಗಿದೆ ಅಲ್ವಾ?

ಹಳೆಯ ಭೂಕಂಪಗಳ ಕಾಲ ತಿಳಿಯಲು ಫಾಲ್ಟಿಗೆ ಅಡ್ಡಲಾಗಿ ಕಂದಕ ತೋಡುತ್ತೇವೆ. ಇದೇ ಫಾಲ್ಟಿನ ಮೇಲಿರುವ ಪ್ಯಾಲೆಟ್ ಕ್ರೀಕ್‌ನಲ್ಲಿ ಕಪ್ಪು ಜೌಗು ಮಣ್ಣು, ಮರಳು ಪದರಪದರವಾಗಿ ಕೂತಿವೆ. ಒಂದು ಪದರ ಸೀಳಿದೆ, ಅದರ ಮೇಲಿನದು ಸೀಳಿಲ್ಲ. ಭೂಕಂಪ ಆದದ್ದು ಆ ಎರಡರ ನಡುವಿನ ಕಾಲದಲ್ಲಿ. ಹೀಗೆ ಸಿಕ್ಕ ಕಾಲಗಳು ಸಮ ಅಂತರದಲ್ಲಿಲ್ಲ, ಕೆಲವು ಒತ್ತೊತ್ತಾಗಿವೆ, ಕೆಲವುಗಳ ನಡುವೆ ಶತಮಾನಗಳೇ ಇವೆ.

ಅದಕ್ಕೇ ಸರಾಸರಿ ಹಿಡಿದು ಇಸವಿ ಹೇಳಬಾರದು. ಪಾರ್ಕ್‌ಫೀಲ್ಡ್‌ನಲ್ಲಿ (ಇದೇ ಫಾಲ್ಟಿನ ಮೇಲಿರುವ ಊರು) ಹಾಗೆ ಲೆಕ್ಕ ಹಾಕಿ ಮುಂದಿನ ಭೂಕಂಪ 1993ರೊಳಗೆ ಅಂದಿದ್ದರು, ಬಂದದ್ದು 2004ರಲ್ಲಿ.

ಮೀಟರಿನ ಲೆಕ್ಕ ಮಾತ್ರ ಸುಮ್ನೆ ಹೋಗುವುದಿಲ್ಲ. ಲಾಸ್ ಏಂಜಲೀಸ್‌ಗೆ ನೀರು ತರುವ ಕಾಲುವೆ ಎಲಿಜಬೆತ್ ಸುರಂಗದಲ್ಲಿ ಇದೇ ಫಾಲ್ಟನ್ನು ದಾಟುತ್ತದೆ. ಅಲ್ಲಿ ನೆಲ ಅಷ್ಟು ಪಕ್ಕಕ್ಕೆ ಸರಿದರೂ ಒಂದಿಷ್ಟು ನೀರಾದರೂ ಹರಿಯುವಂತೆ ಮಾಡಬೇಕಾದ ಎಂಜಿನಿಯರ್‌ಗೆ ಮೊದಲು ಬೇಕಾದದ್ದು ಆ ಮೀಟರುಗಳೇ.