ಎರೆಮಣ್ಣು ಕಡಲ ತಳ ಸೇರಿದ ಮೇಲೆ

ಊರಿಗೆ ಬಂದಾಗಲೆಲ್ಲ ನಮ್ಮ ಕಾಕಾ ಇದೊಂದು ಮಾತು ಕೇಳದೆ ಬಿಡುವುದಿಲ್ಲ. “ಕೆಸರು ನೋಡ್ಲಕ್ಕ ಸಮುದ್ರಕ್ಕ ಹೋಗ್ಬೇಕೇನೋ ತಮ್ಮಾ? ನಮ್ಮ ಹೊಲದಾಗ ಏನ್ ಕಮ್ಮಿ ಅದ?” ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆ ನಮ್ಮದು ಎರೆ ಹೊಲ. ಮಳೆ ಬಿದ್ದರೆ ಕಾಲು ಕಿತ್ತಿಡಲು ಆಗದಷ್ಟು ಅಂಟು. ಬೇಸಿಗೆಯಲ್ಲಿ ಮೊಳಕೈವರೆಗೆ ಕೈ ಹೋಗುವಷ್ಟು ಬಿರುಕು. ಬಹಳ ವರ್ಷ ನಾನು ಕಾಕಾರ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಕೂತು ಉತ್ತರ ಹೇಳುತ್ತೇನೆ. ಯಾಕೆಂದರೆ ಬಂಗಾಳ ಕೊಲ್ಲಿಯ ತಳದಿಂದ ನಾವು ಸಮುದ್ರ ವಿಜ್ಞಾನಿಗಳು ಮೇಲೆತ್ತುವ ಕೆಸರಿನಲ್ಲಿ ಇಂಥ ಹೊಲಗಳ ಮಣ್ಣು ನಿಜಕ್ಕೂ ಇದೆ.

ಮಣ್ಣು ಹೋಗುವ ದಾರಿ ನಮ್ಮ ಕಡೆಯವರಿಗೆ ಹೊಸದೇನಲ್ಲ. ಹೊಲದ ಒಡ್ಡು ಒಡೆದು ಹಳ್ಳಕ್ಕೆ, ಹಳ್ಳದಿಂದ ಕಾಗಿಣಾ, ಕಾಗಿಣಾದಿಂದ ಭೀಮಾ, ಭೀಮೆಯಿಂದ ಕೃಷ್ಣೆ, ಅಲ್ಲಿಂದ ಸಮುದ್ರ. ಆದರೆ ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರಗಳೂ ಹಿಮಾಲಯದ ಮಣ್ಣನ್ನು ರಾಶಿಗಟ್ಟಲೆ ತಂದು ಸುರಿಯುತ್ತವೆ. ಅದರ ನಡುವೆ ನಮ್ಮದನ್ನು ಗುರುತಿಸುವುದು ಹೇಗೆ?

ಗುರುತು ಸಿಗುವುದು ಆ ಅಂಟಿನಲ್ಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯಲ್ಲಿ ಲಾವಾ ಹರಿದು ಕರಿಕಲ್ಲಾಯಿತು. ಆ ಕಲ್ಲು ಸವೆದು ಎರೆಮಣ್ಣಾಯಿತು. ಎರೆಮಣ್ಣಿನ ಜೇಡಿಯಲ್ಲಿ ಸ್ಮೆಕ್ಟೈಟ್ ಎಂಬ ಖನಿಜ ಜಾಸ್ತಿ. ನೀರು ಕುಡಿದರೆ ಇದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬಿರುಕಿಗೆ ಕಾರಣ ಅದೇ. ಹಿಮಾಲಯದ ನದಿಗಳು ತರುವ ಜೇಡಿಯಲ್ಲಿ ಇಲೈಟ್, ಕ್ಲೋರೈಟ್‌ಗಳೇ ಮುಖ್ಯ. ಅವು ಹೀಗೆ ಉಬ್ಬುವುದಿಲ್ಲ. ಲ್ಯಾಬಿನಲ್ಲಿ ಕೆಸರನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ ಒಣಗಿಸುತ್ತೇವೆ. ಎಕ್ಸ್‌-ರೇ ಹಾಯಿಸಿ ಜೇಡಿಯ ಪದರಗಳ ಅಂತರ ಅಳೆಯುತ್ತೇವೆ. ಆಮೇಲೆ ಗ್ಲೈಕಾಲ್ ಆವಿ ಕೊಟ್ಟು ಇನ್ನೊಮ್ಮೆ ಅಳೆಯುತ್ತೇವೆ. ಸ್ಮೆಕ್ಟೈಟ್ ಇದ್ದರೆ ಅಂತರ ಹಿಗ್ಗಿರುತ್ತದೆ, ಥೇಟ್ ಮಳೆ ಬಿದ್ದ ನಮ್ಮ ಹೊಲದ ಹಾಗೆ. ಕೊಲ್ಲಿಯ ಪಶ್ಚಿಮದ ಅಂಚಿನಲ್ಲಿ ಸ್ಮೆಕ್ಟೈಟ್ ಹೆಚ್ಚಿಗೆ ಕಂಡರೆ ಅದು ಗೋದಾವರಿ, ಕೃಷ್ಣೆಯರು ತಂದ ದಖ್ಖನ್ ಮಣ್ಣು ಎಂದು ಓದುತ್ತೇವೆ. ಈಗ ಶ್ರೀಶೈಲ, ನಾಗಾರ್ಜುನಸಾಗರದಂಥ ಅಣೆಕಟ್ಟುಗಳ ಹಿಂದೆಯೇ ಹೂಳು ನಿಂತುಬಿಡುತ್ತದೆ. ಆಳದಲ್ಲಿ ನಮಗೆ ಸಿಗುವುದು ಅಣೆಕಟ್ಟು ಇರದ ಕಾಲದ ಮಣ್ಣು.

ಅಂದ ಹಾಗೆ, ಈ ಮಾತು ನಡೆಯುವುದು ಮನೆ ಮುಂದಿನ ಶಹಾಬಾದ್ ಪರಸಿ ಕಲ್ಲಿನ ಕಟ್ಟೆಯ ಮೇಲೆ. ಆ ಪರಸಿಯೂ 50 ಕೋಟಿ ವರ್ಷಕ್ಕಿಂತ ಹಿಂದೆ ಇಲ್ಲಿದ್ದ ಸಮುದ್ರದ ಸುಣ್ಣದ ಕೆಸರೇ. ಅದರ ಅಂಚಿನಲ್ಲಿ ಕಾಣುವ ಪದರಗಳು ಕೆಸರು ಕೂತ ಪದರಗಳು.

ಇನ್ನು ನನ್ನ ನಿಜವಾದ ಕೆಲಸಕ್ಕೆ ಬರುತ್ತೇನೆ. ನಾನು ಹುಡುಕುವುದು ಕೆಸರಿನೊಳಗಿನ ಸೂಕ್ಷ್ಮಜೀವಿಗಳನ್ನು. ಹಡಗಿನಿಂದ ಉದ್ದನೆಯ ಕೊಳವೆಯನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ ಇಳಿಸುತ್ತೇವೆ. ಭಾರಕ್ಕೆ ಅದು ತಳದಲ್ಲಿ ನೆಟ್ಟಗೆ ಹೂತುಕೊಳ್ಳುತ್ತದೆ. ಮೇಲೆಳೆದಾಗ ಒಳಗೆ ಕೆಸರಿನ ಕಂಬ ಇರುತ್ತದೆ. ಅದಕ್ಕೆ ಕೋರ್ ಅನ್ನುತ್ತೇವೆ. 5,000 ಮೀಟರ್ ಆಳವಾದರೆ ಇಳಿಯಲು ಒಂದೂವರೆ ಗಂಟೆ, ಹತ್ತಲು ಅಷ್ಟೇ ಹೊತ್ತು. ರಾತ್ರಿ ಎರಡಾದರೂ ಯಾರೂ ಮಲಗುವುದಿಲ್ಲ.

ಕರಾವಳಿಗೆ ಹತ್ತಿರದ ಇಳಿಜಾರಿನ ಕೋರ್ ಸೀಳಿದರೆ ಮೇಲೆ ತೆಳುವಾದ ಕಂದು ಪದರ ಕಾಣುತ್ತದೆ. ಕೆಳಗೆ ಬೂದು, ಹಸಿರು ಮಿಶ್ರಿತ ಬೂದು. ಇನ್ನೂ ಕೆಳಗೆ ಕೊಳೆತ ಮೊಟ್ಟೆಯ ವಾಸನೆ. ಈ ಬಣ್ಣ, ವಾಸನೆ ಎರಡೂ ಜೀವಿಗಳ ಉಸಿರಾಟದ ಲೆಕ್ಕ. ಮೇಲಿನವು ಆಮ್ಲಜನಕ ಉಸಿರಾಡುತ್ತವೆ. ಅದು ಮುಗಿದ ಮೇಲೆ ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಆಮೇಲೆ ಸಲ್ಫೇಟ್. ಸಲ್ಫೇಟ್ ಬಳಸುವಾಗ ಏಳುವುದೇ ಮೊಟ್ಟೆಯ ವಾಸನೆ. ಅದೂ ಖಾಲಿಯಾದ ಕಡೆ ಮೀಥೇನ್ ತಯಾರಾಗುತ್ತದೆ. ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಗ್ಯಾಸ್ ಮಾಡುವುದೂ ಇದೇ ಬಗೆಯ ಜೀವಿಗಳು.

ತಂಪು, ಒತ್ತಡ ಎರಡೂ ಸೇರಿದ ಕಡೆ ಆ ಮೀಥೇನ್ ನೀರಿನ ಜೊತೆ ಮಂಜುಗಡ್ಡೆಯಂತೆ ಗಟ್ಟಿಯಾಗುತ್ತದೆ. ಅದಕ್ಕೆ ಹೈಡ್ರೇಟ್ ಅನ್ನುತ್ತೇವೆ. ಬೆಂಕಿ ತೋರಿಸಿದರೆ ಉರಿಯುತ್ತದೆ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ನಮ್ಮ ದೇಶದ ಕಾರ್ಯಕ್ರಮಕ್ಕಾಗಿ ಬಂದು ಕೃಷ್ಣಾ-ಗೋದಾವರಿ ಕಣಿವೆಯ ಕಡಲ ತಳದಲ್ಲಿ ಕೊರೆದಾಗ, ಒಂದು ಕಡೆ ಇಂಥ ಹೈಡ್ರೇಟ್ ಇರುವ ಪದರ ಸುಮಾರು 128 ಮೀಟರ್ ದಪ್ಪ ಸಿಕ್ಕಿತು. ಇದನ್ನು ಹೇಳಿದರೆ ಎಲ್ಲರೂ ಇಂಧನದ ಬಗ್ಗೆಯೇ ಕೇಳುತ್ತಾರೆ. ನನಗೆ ಅದಕ್ಕಿಂತ ಅಚ್ಚರಿ ಅನಿಸುವುದು ಇನ್ನೊಂದು. ಮೇಲಕ್ಕೆ ಸೋರುವ ಮೀಥೇನನ್ನು ದಾರಿಯಲ್ಲೇ ತಿಂದು ಮುಗಿಸುವ ಜೀವಿಗಳೂ ಆ ಕೆಸರಿನಲ್ಲೇ ಇವೆ. ಎರಡು ಬೇರೆ ಜಾತಿಯ ಜೀವಿಗಳು ಒಂದಕ್ಕೊಂದು ಅಂಟಿಕೊಂಡು, ಒಂದು ಮೀಥೇನ್ ಮುರಿದರೆ ಇನ್ನೊಂದು ಸಲ್ಫೇಟ್ ಬಳಸುತ್ತದೆ. ಒಂದನ್ನು ಬಿಟ್ಟು ಇನ್ನೊಂದರ ಕೆಲಸ ನಡೆಯುವುದಿಲ್ಲ. ಇವಿಲ್ಲದಿದ್ದರೆ ತಳದ ಮೀಥೇನ್ ಎಷ್ಟೋ ಪಟ್ಟು ಹೆಚ್ಚು ಸಮುದ್ರದ ನೀರಿಗೆ ಸೇರುತ್ತಿತ್ತು.

ಮಾದರಿ ತೆಗೆಯುವ ಸಾಧನ ತೀರಾ ಸಾದಾ. ಇಂಜೆಕ್ಷನ್ ಸಿರಿಂಜಿನ ಮೂತಿ ಕತ್ತರಿಸಿ, ಕೋರಿನ ನಟ್ಟನಡುವೆ ಚುಚ್ಚಿ, ಪಿಸ್ಟನ್ ಎಳೆಯುತ್ತೇವೆ. ಅಂಚಿನ ಕೆಸರನ್ನು ಮುಟ್ಟುವುದಿಲ್ಲ. ಕೊಳವೆಗೆ ಉಜ್ಜಿಕೊಂಡು ಮೇಲಿನ ಪದರದ ಜೀವಿಗಳು ಅಲ್ಲಿ ಬೆರೆತಿರುತ್ತವೆ. ಹೀಗೆ ತೆಗೆದದ್ದಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕತ್ತಲಲ್ಲಿ ಹಸಿರು ಚುಕ್ಕೆಗಳು ಮಿನುಗುತ್ತವೆ. ಅವನ್ನು ಒಂದೊಂದಾಗಿ ಎಣಿಸುತ್ತೇವೆ. ಮೊದಲ ಸಲ ನೋಡಿದಾಗ ನನಗೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿ ಚುಕ್ಕಿ ಎಣಿಸಿದ್ದು ನೆನಪಾಗಿತ್ತು.

ಆ ಚುಕ್ಕೆಗಳು ಬದುಕಿವೆಯಾ, ಸತ್ತಿವೆಯಾ? ಎಷ್ಟೋ ದಶಕ ಈ ವಾದ ನಡೆಯಿತು. 2010ರಲ್ಲಿ ದಕ್ಷಿಣ ಪೆಸಿಫಿಕ್‌ನಿಂದ ಕೆಲವು ಕೋರ್‌ಗಳನ್ನು ತಂದರು. ಸಮುದ್ರದ ನಟ್ಟನಡುವಿನ ಆ ಜಾಗದಲ್ಲಿ ಮೇಲಿಂದ ಉದುರುವ ಆಹಾರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿನ ಅತಿ ಹಳೆಯ ಪದರ 10.15 ಕೋಟಿ ವರ್ಷದ್ದು. ನಮ್ಮ ಕರಿಕಲ್ಲು ಇನ್ನೂ ಹುಟ್ಟಿರಲಿಲ್ಲ. ಜಪಾನಿನ ಮತ್ತು ಅಮೆರಿಕದ ವಿಜ್ಞಾನಿಗಳು ಅದರ ಜೀವಿಗಳಿಗೆ ಲ್ಯಾಬಿನಲ್ಲಿ ಆಹಾರ ಕೊಟ್ಟರು. ಅವು ತಿಂದವು, ಒಡೆದು ಎರಡಾದವು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಷ್ಟು ಕೋಟಿ ವರ್ಷ ಅವು ಸಿಕ್ಕ ಚೂರುಪಾರು ಶಕ್ತಿಯನ್ನೇ ಹಿಡಿದುಕೊಂಡು, ಬರೀ ಜೀವ ಉಳಿಸಿಕೊಂಡು ಕಾದಿದ್ದವು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇಷ್ಟು ನಿಧಾನವಾಗಿ ಬದುಕುವವಕ್ಕೆ ಪೆಟ್ಟಾದರೆ ಚೇತರಿಕೆಯೂ ನಿಧಾನ. ನನ್ನ ಚಿಂತೆ ಇದೇ. ಹಿಂದೂ ಮಹಾಸಾಗರದ ಮಧ್ಯದಲ್ಲಿ 75,000 ಚದರ ಕಿ.ಮೀ. ಜಾಗದಲ್ಲಿ ಲೋಹದ ಗಡ್ಡೆಗಳ ಪರಿಶೋಧನೆಗೆ ನಮ್ಮ ದೇಶಕ್ಕೆ ಹಕ್ಕಿದೆ. ನಿಕ್ಕಲ್, ಕೋಬಾಲ್ಟ್, ತಾಮ್ರ ಇರುವ ಗಡ್ಡೆಗಳು. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಇಂಥ ಗಡ್ಡೆ ತೆಗೆದರೆ ತಳ ಏನಾಗಬಹುದು ಎಂದು ತಿಳಿಯಲು 1989ರಲ್ಲಿ ಜರ್ಮನಿಯವರು ಪೆರು ದೇಶದ ಎದುರಿನ ಆಳ ಸಮುದ್ರದಲ್ಲಿ ಒಂದು ಪರೀಕ್ಷೆ ಮಾಡಿದರು. ಕುಂಟೆಯಂಥ ಸಾಧನ ಎಳೆದು ತಳವನ್ನು ಹರಗಿದರು. 26 ವರ್ಷ ಬಿಟ್ಟು ಹೋಗಿ ನೋಡಿದರೆ ಗೆರೆಗಳು ಹಾಗೇ ಇದ್ದವು. ಮೇಲ್ಪದರ ಕಿತ್ತುಹೋದ ಕಡೆ ಜೀವಿಗಳ ಚಟುವಟಿಕೆ ಕಾಲು ಭಾಗದವರೆಗೆ ಇಳಿದಿತ್ತು. ಮೊದಲಿನಂತಾಗಲು ಕನಿಷ್ಠ 50 ವರ್ಷ ಬೇಕು ಎಂದು ಅಂದಾಜಿಸಿದರು.

ಕಾಕಾ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನಮ್ಮ ಹೊಲ ಹರಗಿದ್ರ ಮುಂದಿನ ಮಳಿಗೆ ಗೆರಿ ಸಿಗಾಂಗಿಲ್ಲ,” ಅಂದರು. ಹೌದು, ಅಲ್ಲಿ ಮಳೆ ಇಲ್ಲ, ಬೇರಿಲ್ಲ, ಎರೆಹುಳ ಇಲ್ಲ. ಲೋಹ ನಮಗೆ ಬೇಕು, ಅದು ಗೊತ್ತು. ಆದರೆ ಕೆಸರಿನ ಜೀವಿಗಳ ಲೆಕ್ಕ ಮುಗಿಯುವ ಮುಂಚೆ ಯಂತ್ರ ಇಳಿಯಬಾರದು ಎಂದು ನಾನು ಸಭೆಗಳಲ್ಲಿ ಹೇಳುತ್ತಲೇ ಇದ್ದೇನೆ.

ಸದ್ಯ ನಮ್ಮ ಕೋಲ್ಡ್ ರೂಮಿನಲ್ಲಿ, 4 ಡಿಗ್ರಿಯಲ್ಲಿ, ಕಳೆದ ಸಲ ತಂದ ಕೆಸರಿನ ಬಾಟಲಿಗಳಿವೆ. ಕೆಲವಕ್ಕೆ ಆಹಾರ ಹಾಕಿದ್ದೇವೆ, ಕೆಲವಕ್ಕೆ ಇಲ್ಲ. ಮೂರು ತಿಂಗಳ ಎಣಿಕೆಯಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಸಿರಿಂಜ್ ಹಾಕುವುದು ಊರಲ್ಲಿ ತೊಗರಿ ರಾಶಿ ಮುಗಿದ ಮೇಲೆ.